ಕೆಂಜಿಂಕೆಯ ಆಯುಷ್ಯ: ಬೇಟೆಗಾರರ ಎಣಿಕೆ ಮತ್ತು ನೆನಪು

ಪ್ರಾಣಿಗಳ ಆಯುಷ್ಯವನ್ನು ಕುರಿತ ಜನಪದ ತಿಳಿವಳಿಕೆಯನ್ನು ‘ನಂಬಿಕೆಗಳು’ ಎಂಬ ಒಂದೇ ಶೀರ್ಷಿಕೆಯಡಿ ಪಟ್ಟಿಮಾಡಿ ಮುಂದೆ ಸಾಗುವುದು ನಮ್ಮ ಅಧ್ಯಯನಕ್ಷೇತ್ರದಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಆ ನಂಬಿಕೆಯನ್ನು ಯಾರು ಹೇಳಿದರು, ಹೇಳಿದವರು ಆ ಪ್ರಾಣಿಯನ್ನು ಎಷ್ಟು ಹತ್ತಿರದಿಂದ ಕಂಡವರು ಎಂಬ ಪ್ರಶ್ನೆಗಳು ಪಟ್ಟಿಯ ಹೊರಗೇ ಉಳಿಯುತ್ತವೆ. ಯೂರೋಪಿನಲ್ಲಿ ಎರಡೂವರೆ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬಾಳಿದ ಒಂದು ಮಾತನ್ನು, ಎಂದರೆ ಕಾಡಿನ ಜಿಂಕೆ ಮನುಷ್ಯನಿಗಿಂತ ಎಷ್ಟೋ ಪಟ್ಟು ಹೆಚ್ಚು ಕಾಲ ಬದುಕುತ್ತದೆ ಎಂಬ ಮಾತನ್ನು, ಈ ಪ್ರಶ್ನೆಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪದಗಳ ವಿಚಾರ. ಕನ್ನಡದ ‘ಜಿಂಕೆ’ ಎಂಬ ಮಾತು ಬಳಕೆಯಲ್ಲಿ ಬಹಳ ಸಡಿಲವಾದದ್ದು. ಕೃಷ್ಣಮೃಗವನ್ನೂ ಚುಕ್ಕೆ ಜಿಂಕೆಯನ್ನೂ ನಾವು ಅದೇ ಹೆಸರಿನಿಂದ ಕರೆಯುತ್ತೇವೆ. ಆದರೆ ಕೃಷ್ಣಮೃಗದ ಕೊಂಬು ಹುಟ್ಟಿದ ಮೇಲೆ ಸಾಯುವವರೆಗೂ ತಲೆಯ ಮೇಲೆಯೇ ಇರುತ್ತದೆ. ಚುಕ್ಕೆ ಜಿಂಕೆ, ಕಡವೆ ಮತ್ತು ಇಲ್ಲಿ ಚರ್ಚಿಸುತ್ತಿರುವ ಯೂರೋಪಿನ ಕೆಂಜಿಂಕೆಗಳ ಗಂಡುಗಳು ಕವಲೊಡೆದ ಕೊಂಬನ್ನು ಉದುರಿಸಿ ಮತ್ತೆ ಹೊಸದನ್ನು ಬೆಳೆಸುತ್ತವೆ. ಆಯುಷ್ಯದ ಕಥೆಗಳು ಹುಟ್ಟಿಕೊಂಡಿರುವುದು ಈ ಎರಡನೆಯ ಗುಂಪಿನ ಸುತ್ತ. ಕಳಚಿದ್ದು ಮತ್ತೆ ಚಿಗುರುವ ಪ್ರಾಣಿಗೆ ಮುಪ್ಪಿಲ್ಲವೆಂದು ಜನ ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹಾವಿನ ಪೊರೆಯ ಬಗ್ಗೆಯೂ ಇಂಥದೇ ಕಲ್ಪನೆಗಳಿವೆಯಷ್ಟೆ.

ಲಭ್ಯವಿರುವ ಅತಿ ಹಳೆಯ ಲೆಕ್ಕ ಗ್ರೀಕ್ ಕವಿ ಹೆಸಿಯೊಡ್‌ನ ಹೆಸರಿನಲ್ಲಿದೆ. ಅದನ್ನು ನಮಗೆ ಉಳಿಸಿಕೊಟ್ಟವನು ಪ್ಲುಟಾರ್ಕ್. ಕಾಗೆಗೆ ಮನುಷ್ಯನ ಒಂಬತ್ತು ತಲೆಮಾರು, ಜಿಂಕೆಗೆ ಕಾಗೆಯ ನಾಲ್ಕು ಪಟ್ಟು, ಹೀಗೆ ಲೆಕ್ಕ ಮೇಲೇರುತ್ತದೆ. ಎಂದರೆ ಒಂದು ಜಿಂಕೆಯ ಬಾಳು ಮನುಷ್ಯರ 36 ತಲೆಮಾರು. ಸ್ಕಾಟ್ಲೆಂಡಿನ ಗೇಲಿಕ್ ಭಾಷಿಕರಲ್ಲಿಯೂ ಇದೇ ಬಗೆಯ ಗುಣಾಕಾರವಿದೆ: ನಾಯಿಯ ಮೂರು ಪಟ್ಟು ಕುದುರೆ, ಕುದುರೆಯ ಮೂರು ಪಟ್ಟು ಮನುಷ್ಯ, ಮನುಷ್ಯನ ಮೂರು ಪಟ್ಟು ಜಿಂಕೆ, ಅದರಾಚೆಗೆ ಹದ್ದು, ಓಕ್ ಮರ. ನಾಯಿಗೆ 9 ವರ್ಷವೆಂದು ಹಿಡಿದರೆ ಜಿಂಕೆಗೆ 243 ವರ್ಷವಾಯಿತು. ಇವನ್ನು ಕಂಡು ಅಳೆದ ಲೆಕ್ಕಗಳೆಂದು ಓದುವುದೇ ತಪ್ಪು. ಲೋಕದ ವಸ್ತುಗಳನ್ನು ಕಾಲದ ಏಣಿಯ ಮೇಲೆ ಒಂದೊಂದಾಗಿ ನಿಲ್ಲಿಸಿ ನೆನಪಿನಲ್ಲಿಡುವ ಕ್ರಮ ಇದು. ಇಲ್ಲಿ ಜಿಂಕೆ ಒಂದು ಮೆಟ್ಟಿಲು ಮಾತ್ರ.

ಈ ಲೆಕ್ಕವನ್ನು ಮೊದಲು ಅನುಮಾನಿಸಿದವನು ಅರಿಸ್ಟಾಟಲ್. ಪ್ರಾಣಿಗಳನ್ನು ಕುರಿತ ತನ್ನ ಬೃಹತ್ ಗ್ರಂಥದಲ್ಲಿ ಅವನು, ಜಿಂಕೆಯ ದೀರ್ಘಾಯುಷ್ಯದ ಕಥೆಗಳಲ್ಲಿ ಖಚಿತವಾದುದೇನೂ ಇಲ್ಲವೆಂದೂ ಅದರ ಗರ್ಭಧಾರಣೆಯ ಅವಧಿಯಾಗಲಿ ಮರಿ ಬೆಳೆಯುವ ವೇಗವಾಗಲಿ ಅಂಥ ಆಯುಷ್ಯವನ್ನು ಸೂಚಿಸುವುದಿಲ್ಲವೆಂದೂ ಹೇಳುತ್ತಾನೆ. ಅದೇ ಗ್ರಂಥದ ಇನ್ನೊಂದೆಡೆ ಮುದಿ ಜಿಂಕೆಯನ್ನು ಗುರುತಿಸುವ ಎರಡು ಲಕ್ಷಣಗಳನ್ನು ಕೊಡುತ್ತಾನೆ: ಹಲ್ಲುಗಳು ಇಲ್ಲವಾಗಿರುತ್ತವೆ ಅಥವಾ ಕೆಲವೇ ಉಳಿದಿರುತ್ತವೆ, ಕಾದಾಟಕ್ಕೆ ಒದಗುವ ಮುಂಗವಲುಗಳು ಮತ್ತೆ ಮೂಡುವುದಿಲ್ಲ. ಇದು ಕವಿಯ ಮಾತಲ್ಲ. ಪ್ರಾಣಿಯನ್ನು ಕೆಡವಿ, ಬಾಯಿ ಬಿಡಿಸಿ ನೋಡಿದವನ ಮಾತು. ಅರಿಸ್ಟಾಟಲ್ ಇದನ್ನು ಬೇಟೆಗಾರರಿಂದಲೇ ಕೇಳಿ ತಿಳಿದಿರಬೇಕೆಂದು ನನ್ನ ಊಹೆ.

ಅವನ ಅನುಮಾನ ಮಾತ್ರ ಹೆಚ್ಚು ಕಾಲ ನಿಲ್ಲಲಿಲ್ಲ. ಕ್ರಿ.ಶ. ಒಂದನೆಯ ಶತಮಾನದ ಪ್ಲಿನಿಯ ಪ್ರಕಾರ, ಅಲೆಕ್ಸಾಂಡರ್ ತೊಡಿಸಿದ ಚಿನ್ನದ ಕೊರಳಪಟ್ಟಿಯಿದ್ದ ಜಿಂಕೆಗಳು ನೂರು ವರ್ಷಗಳ ಬಳಿಕ ಸೆರೆಸಿಕ್ಕವು. ಚರ್ಮದ ಮಡಿಕೆಗಳು ಬೆಳೆದು ಆ ಪಟ್ಟಿಗಳನ್ನು ಮುಚ್ಚಿದ್ದವಂತೆ. ಎರಡನೆಯ ಶತಮಾನದ ಪ್ರವಾಸಿ ಪೌಸನಿಯಸ್ ಆರ್ಕೇಡಿಯಾದ ಲೈಕೊಸೂರದಲ್ಲಿ ದೇವಿಗೆ ಬಿಟ್ಟ ಮುದಿ ಜಿಂಕೆಯೊಂದರ ಕಥೆಯನ್ನು ದಾಖಲಿಸಿದ್ದಾನೆ. ಅದರ ಕೊರಳಪಟ್ಟಿಯ ಬರಹದಂತೆ, ಅಗಪೇನರ್ ಟ್ರಾಯ್ ಯುದ್ಧಕ್ಕೆ ಹೊರಟಾಗ ಅದು ಹಿಡಿಯಲ್ಪಟ್ಟ ಮರಿ! ಫ್ರಾನ್ಸಿನಲ್ಲಿ ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ದೊರೆ ಆರನೆಯ ಚಾರ್ಲ್ಸ್ ಸೆನ್‌ಲೀಸ್‌ನ ಕಾಡಿನಲ್ಲಿ ಸೀಸರ್ ಕೊಟ್ಟನೆಂಬ ಬರಹದ ಕೊರಳಪಟ್ಟಿಯಿದ್ದ ಜಿಂಕೆಯನ್ನು ಕಂಡನೆಂಬ ಐತಿಹ್ಯವಿದೆ. ರೆಕ್ಕೆಯುಳ್ಳ ಜಿಂಕೆಯನ್ನು ಅವನು ತನ್ನ ಲಾಂಛನವಾಗಿಸಿಕೊಂಡದ್ದಂತೂ ನಿಜ. ಬಫೂನ್ ಹದಿನೆಂಟನೆಯ ಶತಮಾನದಲ್ಲಿ ಇದಕ್ಕೆ ಸರಳ ಉತ್ತರ ಕೊಟ್ಟ: ಜರ್ಮನಿಯ ಚಕ್ರವರ್ತಿಗಳೂ ಸೀಸರ್ ಎಂಬ ಬಿರುದು ಧರಿಸಿದವರೇ, ಪಟ್ಟಿ ಅವರದಾಗಿರಬಹುದು. ಜಿಂಕೆ ಪೂರ್ಣ ಬೆಳೆಯಲು ಐದಾರು ವರ್ಷ ಬೇಕು, ಆದ್ದರಿಂದ ಅದರ ಏಳು ಪಟ್ಟು, ಎಂದರೆ 35ರಿಂದ 40 ವರ್ಷ ಬದುಕೀತೆಂದು ಅವನ ಗಣಿತ. ಅದೂ ಕಂಡ ಸತ್ಯಕ್ಕಿಂತ ಸುಮಾರು ಎರಡು ಪಟ್ಟು ಹೆಚ್ಚೇ.

ಈ ಎಲ್ಲ ಕಥೆಗಳಲ್ಲಿಯೂ ಕೊರಳಪಟ್ಟಿ ದೊರೆಯದು ಅಥವಾ ದೇವರದು. ಹಾಗಾದರೆ ಬೇಟೆಗಾರರು ಏನೆನ್ನುತ್ತಿದ್ದರು? ಇಲ್ಲಿ ವಿಷಯ ಸ್ವಲ್ಪ ಜಟಿಲವಾಗುತ್ತದೆ. ಕವಿಗಳು ಉತ್ಪ್ರೇಕ್ಷಿಸಿದರು, ಬೇಟೆಗಾರರು ಸತ್ಯ ಬಲ್ಲವರಾಗಿದ್ದರು ಎಂದು ಹೇಳಿಬಿಟ್ಟರೆ ಅನುಕೂಲವೇನೋ ಹೌದು. ಆದರೆ ದಾಖಲೆಗಳು ಅದನ್ನು ಒಪ್ಪುವುದಿಲ್ಲ. 1387ರಲ್ಲಿ ತನ್ನ ಪ್ರಸಿದ್ಧ ಬೇಟೆಗ್ರಂಥವನ್ನು ಆರಂಭಿಸಿದ ಫ್ವಾದ ಗಾಸ್ತೊಂ ಫೆಬ್ಯುಸ್ ಜೀವಮಾನವಿಡೀ ಬೇಟೆಯಾಡಿದವನು. ಜಿಂಕೆ ನೂರು ವರ್ಷ ಬದುಕಬಲ್ಲದೆಂದು ಅವನೂ ಬರೆದ. ಅದನ್ನು ಹದಿನೈದನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷಿಗೆ ತಂದ ಯಾರ್ಕಿನ ಡ್ಯೂಕ್ ಎಡ್ವರ್ಡನೂ ಆ ಮಾತನ್ನು ಉಳಿಸಿಕೊಂಡ. ಅದೇ ಪುಟಗಳಲ್ಲಿ ಹೆಜ್ಜೆಯ ಅಗಲ, ಹಿಕ್ಕೆಯ ಆಕಾರ, ಕೊಂಬು ಉಜ್ಜಿದ ಮರದ ಗುರುತು ಇವುಗಳಿಂದ ಗಂಡುಜಿಂಕೆಯ ವಯಸ್ಸನ್ನು ಅಳೆಯುವ ಸೂಕ್ಷ್ಮ ವಿವರಗಳಿವೆ. ಇಷ್ಟು ಬಲ್ಲವರು ನೂರು ವರ್ಷವೆಂದು ಹೇಗೆ ಬರೆದರು?

ಉತ್ತರ ಅವರ ಪದಕೋಶದಲ್ಲಿದೆ ಎಂದು ನನಗೆ ತೋರುತ್ತದೆ. ಇಂಗ್ಲೆಂಡಿನ ಬೇಟೆಗಾರರಲ್ಲಿ ಗಂಡುಜಿಂಕೆಗೆ ವರ್ಷಕ್ಕೊಂದು ಹೆಸರಿತ್ತು: ಮೊದಲ ವರ್ಷ ಒಂದು, ಎರಡನೆಯ ವರ್ಷ ಇನ್ನೊಂದು, ಹೀಗೆ ಆರನೆಯ ವರ್ಷದವರೆಗೆ. ಆರನೆಯ ವರ್ಷದಲ್ಲಿ ಹತ್ತು ಕವಲಿನ ‘ಹಾರ್ಟ್’ ಆಗಿ ಅದು ಬೇಟೆಗೆ ಯೋಗ್ಯವಾಯಿತು. ಅಲ್ಲಿಂದ ಮುಂದಕ್ಕೆ ಹೆಸರಿಲ್ಲ. ಬೇಟೆಗಾರನಿಗೆ ಬೇಕಾದ ಎಣಿಕೆ ಅಲ್ಲಿಗೆ ಮುಗಿಯಿತು, ಆಚೆಗಿನದೆಲ್ಲ ‘ನೂರು’. ನಮ್ಮ ಹಿರಿಯರು ಹರಸುವಾಗ ಹೇಳುವ ನೂರು ವರ್ಷವೂ ಗಣತಿಯಲ್ಲ, ಗಣತಿ ನಿಂತ ಜಾಗದ ಹೆಸರು. ವರ್ಷಕ್ಕೊಂದು ಕವಲು ಹೆಚ್ಚುತ್ತದೆ ಎಂಬ ಇಂದಿಗೂ ಕೇಳಿಬರುವ ಮಾತೂ ಎಳೆಯ ಪ್ರಾಯದ ಕೆಲವು ವರ್ಷಗಳ ಅನುಭವವನ್ನು ಇಡೀ ಬಾಳಿಗೆ ಎಳೆದುದರ ಫಲ. ವಾಸ್ತವದಲ್ಲಿ ಕವಲುಗಳ ಸಂಖ್ಯೆ ಮೇವನ್ನೂ ದೇಹಸ್ಥಿತಿಯನ್ನೂ ಅವಲಂಬಿಸಿದ್ದು, ಪ್ರಾಯ ಕಳೆದ ಮೇಲೆ ಕುಗ್ಗುತ್ತದೆ.

ನಮ್ಮ ಕಾಡುಗಳಲ್ಲಿ ಈ ಕವಲಿನ ಲೆಕ್ಕ ಹುಟ್ಟಿಕೊಳ್ಳುವ ಸಂಭವವೇ ಕಡಿಮೆ. ಕಡವೆಗಾಗಲಿ ಚುಕ್ಕೆ ಜಿಂಕೆಗಾಗಲಿ ಒಂದೊಂದು ಕೊಂಬಿಗೆ ಸಾಮಾನ್ಯವಾಗಿ ಮೂರೇ ಕವಲು. ಕರ್ನಾಟಕದ ಬೇಟೆಯ ದಾಖಲೆಗಳೂ ಪ್ರಾಣಿಯ ವಯಸ್ಸಿನ ಗೊಡವೆಗೆ ಹೋಗುವುದಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಕ್ರಿ.ಶ. 949-50ರ ಶಾಸನವು ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಯ ಹೆಸರನ್ನೂ ಅದನ್ನು ಪಡೆದ ಮಣಲೆರನ ಹೆಸರನ್ನೂ ಕಲ್ಲಿನಲ್ಲಿ ಉಳಿಸಿದೆ. ನಾಯಿಗೆ ಹೆಸರುಂಟು, ದತ್ತಿಯುಂಟು, ಆದರೆ ಹಂದಿ ಎಷ್ಟು ಕಾಲದ್ದೆಂಬ ಮಾತಿಲ್ಲ. ಕಾಡಂಚಿನ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ಮಾಡುವಾಗ ವಯಸ್ಸಾದವರೊಬ್ಬರನ್ನು ಕಡವೆ ಎಷ್ಟು ವರ್ಷ ಬದುಕುತ್ತದೆಂದು ಕೇಳಿದ್ದೆ. ‘ಸೀಳುನಾಯಿ ಬಿಟ್ಟಷ್ಟು ದಿನ, ಸ್ವಾಮಿ’ ಎಂದರು. ನನ್ನ ಪ್ರಶ್ನಾವಳಿಯಲ್ಲಿ ಆ ಉತ್ತರಕ್ಕೆ ಅಂಕಣವಿರಲಿಲ್ಲ; ‘ಮಾಹಿತಿ ಇಲ್ಲ’ ಎಂದು ಗುರುತು ಹಾಕಿಕೊಂಡೆ. ಇಂದು ಆ ಗುರುತಿಗಾಗಿ ನಾಚಿಕೆಯಾಗುತ್ತದೆ. ಹುಲಿ, ಚಿರತೆ, ಸೀಳುನಾಯಿಗಳಿರುವ ಕಾಡಿನಲ್ಲಿ ಅದಕ್ಕಿಂತ ನಿಖರವಾದ ಉತ್ತರ ಕಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಇಂಥ ತಿಳಿವಳಿಕೆ ಇರುವವರು ಅದನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುವುದೂ ಸಹಜವೇ.

ಸ್ಕಾಟ್ಲೆಂಡಿಗೆ ಮರಳೋಣ. ಬೇಟೆಗಾರರ ಬಾಯಿಂದಲೇ ಬಂದ ಅತ್ಯಂತ ಕುತೂಹಲಕರ ಸಾಕ್ಷ್ಯ ಅಲ್ಲಿದೆ. ವಿಲಿಯಂ ಸ್ಕ್ರೋಪ್ ಜಿಂಕೆ ಬೇಟೆಯನ್ನು ಕುರಿತು 1838ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದು ದಾಖಲಾಗಿದೆ. 1826ರ ಸುಮಾರಿಗೆ ಹೈಲ್ಯಾಂಡ್ಸ್ ಸೀಮೆಯ ಗ್ಲೆನ್‌ಗ್ಯಾರಿಯ ಒಡೆಯ ಹೊಡೆದ ಗಂಡುಜಿಂಕೆಯೊಂದರ ಎಡಗಿವಿಯಲ್ಲಿ ಕತ್ತರಿಸಿದ ಗುರುತಿತ್ತು. ಇದು ಯಾರ ಗುರುತೆಂದು ಕೇಳಿದಾಗ ಅಲ್ಲಿದ್ದ ಆರು ಮಂದಿ ಕಾಡುಗಾವಲಿನವರು ಯೂಅನ್ ಮ್ಯಾಕ್‌ಇಯನ್ ಓಗ್ ಎಂಬವನ ಹೆಸರು ಹೇಳಿದರು. ಕೈಗೆ ಸಿಕ್ಕಿದ ಮರಿಗಳಿಗೆಲ್ಲ ಅವನು ಹಾಗೆ ಗುರುತು ಹಾಕುತ್ತಿದ್ದನಂತೆ. ಆದರೆ ಅವನು ಸತ್ತು 150 ವರ್ಷಗಳಾಗಿದ್ದವು!

ಈ ಕಥೆಯನ್ನು ಉಲ್ಲೇಖಿಸಿದವರು ಸಾಮಾನ್ಯವಾಗಿ ನಕ್ಕು ಬಿಡುತ್ತಾರೆ, ಇಲ್ಲವೇ ಜಿಂಕೆಯ ವಯಸ್ಸಿನ ವಾದಕ್ಕೆ ಇಳಿಯುತ್ತಾರೆ. ಕಿವಿಯ ಕಚ್ಚು ಇನ್ನೊಬ್ಬ ಗಾವಲುಗಾರನದಿರಬಹುದು, ಕಾದಾಟದಲ್ಲೋ ಮುಳ್ಳುಕಂಟಿಯಲ್ಲೋ ಹರಿದದ್ದಿರಬಹುದು. ಅದು ಸುಲಭದ ಮಾತು. ನಮ್ಮ ಕುರಿಗಾರರೂ ಕಿವಿ ಕತ್ತರಿಸಿ ಮಂದೆಯ ಗುರುತು ಮಾಡುವವರೇ, ಒಂದೇ ಬಗೆಯ ಕಚ್ಚು ತಂದೆಯಿಂದ ಮಗನಿಗೆ ಬರುವುದುಂಟು. ಜಾನಪದ ವಿದ್ಯಾರ್ಥಿ ಗಮನಿಸಬೇಕಾದ ಸಂಗತಿ ಬೇರೆ. ಒಬ್ಬ ಸಾಮಾನ್ಯ ಕಾಡುಗಾವಲಿನವನ ಹೆಸರು ಒಂದೂವರೆ ಶತಮಾನದ ಬಳಿಕ ಆರು ಮಂದಿಯ ನಾಲಿಗೆಯ ಮೇಲೆ ಥಟ್ಟನೆ ಬಂದಿತು. ಇಲ್ಲಿ ದೀರ್ಘವಾದದ್ದು ಜಿಂಕೆಯ ಆಯುಷ್ಯವಲ್ಲ, ಆ ಮನುಷ್ಯನ ನೆನಪು. ಅಲೆಕ್ಸಾಂಡರ್, ಅಗಪೇನರ್, ಸೀಸರ್ ಇವರ ಕಥೆಗಳಲ್ಲಿಯೂ ಜಿಂಕೆ ಹೊತ್ತು ತಿರುಗಿದ್ದು ಅವರವರ ಹೆಸರನ್ನೇ. ದೊರೆಗಳಿಗಾದರೋ ನಾಣ್ಯ, ಶಾಸನ, ಚರಿತ್ರೆಗಳಿವೆ. ಯೂಅನ್‌ನಿಗೆ ಇದ್ದದ್ದು ಒಂದು ಕಿವಿಯ ಕಚ್ಚು.

ಆ ಕಾಲವನ್ನೂ ಮರೆಯುವಂತಿಲ್ಲ. ಹೈಲ್ಯಾಂಡ್ಸ್‌ನಲ್ಲಿ ಭೂಮಾಲೀಕರು ಗೇಲಿಕ್ ಒಕ್ಕಲುಗಳನ್ನು ಒಕ್ಕಲೆಬ್ಬಿಸಿ ಕುರಿಗಳಿಗೂ ಆಮೇಲೆ ಜಿಂಕೆಗಳಿಗೂ ನೆಲ ಬಿಡಿಸುತ್ತಿದ್ದ ಕಾಲ ಅದು. ಅದೇ 1826ರಲ್ಲಿ ಪಶ್ಚಿಮ ತೀರದ ರಮ್ ದ್ವೀಪದಿಂದ ಸುಮಾರು 300 ಮಂದಿಯನ್ನು ಹಡಗು ಹತ್ತಿಸಿ ಕೆನಡಾದ ಕಡೆಗೆ ಕಳುಹಿಸಲಾಯಿತು. 1828ರಲ್ಲಿ ಉಳಿದವರಲ್ಲಿ ಬಹುತೇಕರು ಹೊರಟರು. ಅಲ್ಲಿಯ ಮೂಲ ಕೆಂಜಿಂಕೆಗಳು ಹದಿನೆಂಟನೆಯ ಶತಮಾನದಲ್ಲಿಯೇ ನಾಶವಾಗಿದ್ದುದರಿಂದ 1845ರಲ್ಲಿ ಹೊರಗಿನಿಂದ ಜಿಂಕೆಗಳನ್ನು ತಂದು ಬಿಟ್ಟರು. ಜನರಿದ್ದ ನೆಲ ಬೇಟೆಯ ತಾಣವಾಯಿತು.

ಕಾಡಿನ ಜಿಂಕೆಯ ಆಯುಷ್ಯ ಖಚಿತವಾಗಿ ತಿಳಿದುಬಂದದ್ದು ಇದೇ ದ್ವೀಪದಲ್ಲಿ ಎಂಬುದು ಚರಿತ್ರೆಯ ವಿಚಿತ್ರ. 1957ರಲ್ಲಿ ರಮ್ ಸರ್ಕಾರಿ ಸಂರಕ್ಷಣಾ ಸಂಸ್ಥೆಯ ಒಡೆತನಕ್ಕೆ ಬಂದಿತು. 1970ರ ದಶಕದಿಂದ ಟಿಮ್ ಕ್ಲಟನ್-ಬ್ರಾಕ್, ಫಿಯೋನಾ ಗಿನ್ನೆಸ್ ಮೊದಲಾದವರು ದ್ವೀಪದ ಉತ್ತರದ ಕಿಲ್‌ಮೋರಿ ಕಣಿವೆಯಲ್ಲಿ ಒಂದೊಂದು ಜಿಂಕೆಯನ್ನೂ ಹುಟ್ಟಿನಿಂದ ಸಾವಿನವರೆಗೆ ಹಿಂಬಾಲಿಸಿದ್ದಾರೆ. ಅವರ ಅಧ್ಯಯನ 1982ರಲ್ಲಿ ಗ್ರಂಥವಾಗಿ ಬಂದಿತು. ತೋಳವೂ ಇಲ್ಲದ, ಆ ಭಾಗದಲ್ಲಿ ಗುಂಡಿನ ಭಯವೂ ಇಲ್ಲದ ನೆಲದಲ್ಲಿ ಗಂಡುಗಳು ಹದಿನೈದು ವರ್ಷ ದಾಟುವುದು ಅಪರೂಪ. ಹೆಣ್ಣುಗಳಲ್ಲಿ ಕೆಲವು ಮಾತ್ರ ಇಪ್ಪತ್ತರ ಆಚೀಚೆ ತಲುಪುತ್ತವೆ. ಗಂಡುಗಳ ಕಸುವು ಏಳರಿಂದ ಹತ್ತು ವರ್ಷದ ನಡುವೆ ಉಚ್ಛ್ರಾಯದಲ್ಲಿದ್ದು ಅನಂತರ ಇಳಿಯುತ್ತದೆ. ಹಲ್ಲು ಸವೆದ ಪ್ರಾಣಿಗೆ ಚಳಿಗಾಲದ ಒರಟು ಹುಲ್ಲು ಅರೆಯಲಾಗುವುದಿಲ್ಲ. ಅರಿಸ್ಟಾಟಲ್‌ನಿಗೆ ಹಲ್ಲಿನ ಮಾತನ್ನೂ ಕುಗ್ಗುವ ಕವಲಿನ ಮಾತನ್ನೂ ಹೇಳಿಕೊಟ್ಟವರು ಯಾರೇ ಇರಲಿ, ಅವರು ತಪ್ಪಿರಲಿಲ್ಲ.

ಕಿಲ್‌ಮೋರಿಯಲ್ಲಿ ಬೇಸಗೆಯ ಆರಂಭಕ್ಕೆ ಮರಿಗಳು ಹುಟ್ಟುತ್ತವೆ. ಹುಟ್ಟಿದ ಕೆಲವು ಗಂಟೆಗಳಲ್ಲಿ, ಓಡಲು ಕಲಿಯುವ ಮೊದಲೇ, ಸಂಶೋಧಕರು ಹುಲ್ಲಿನ ನಡುವೆ ಅವನ್ನು ಹುಡುಕಿ ಹಿಡಿದು ತೂಗುತ್ತಾರೆ. ಆಮೇಲೆ ಕಿವಿಗೆ ಗುರುತು ಹಾಕಿ ಬಿಡುತ್ತಾರೆ.