ಹತ್ತು ನಿಮಿಷದ ಬಿ-ಸೈಡ್: ಬೆಂಗಳೂರಿನ ಬಿದ್ದು ಲಂಡನ್ನಿನಲ್ಲಿ ಸೋಲ್ ಕಟ್ಟಿದ ಕಥೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಓದ್ಕೋತೀವಿ ಅನ್ನೋರಿಗೆ ಈ ಬರಹ. ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಹಾಕಿದ್ದೇನೆ.

ಹೋದ ತಿಂಗಳು ಟೀಮಿನವರೊಬ್ಬರ ಬೀಳ್ಕೊಡುಗೆಗೆ ಇಲ್ಲೇ ಕೊಂಡಾಪುರದ ಒಂದು ಪಬ್‌ಗೆ ಹೋಗಿದ್ವಿ. ಡಿಜೆ ಮೊದಲು ‘ಸ್ಟೂಡೆಂಟ್ ಆಫ್ ದ ಇಯರ್’ ಸಿನಿಮಾದ ಡಿಸ್ಕೊ ಹಾಡು ಹಾಕಿದ. ಆಮೇಲೆ ‘ಕುಂಗ್ ಫು ಫೈಟಿಂಗ್’. ಅದಾದ ಮೇಲೆ ಅಲೀಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’. ಪಕ್ಕದಲ್ಲಿದ್ದ ತೆಲುಗು ಗೆಳೆಯನಿಗೆ, “ಈ ಮೂರೂ ಹಾಡಿನ ಹಿಂದೆ ಇರೋದು ಒಬ್ಬರೇ ಮನುಷ್ಯ, ನಮ್ಮ ಬೆಂಗಳೂರಿನವರು” ಅಂದೆ. ಅವನು ತಕ್ಷಣ ಕೇಳಿದ: “ಹೌದಾ? ಅಂದ್ರೆ ಕನ್ನಡದವರಾ?”

ಉತ್ತರ ಕೊಡೋಕೆ ತಡವರಿಸಿದೆ. ಯಾಕೆ ತಡವರಿಸಿದೆ ಅನ್ನೋದೇ ಇವತ್ತಿನ ವಿಷಯ.

ಆ ಮನುಷ್ಯನ ಹೆಸರು ಬಿದ್ದು ಅಪ್ಪಯ್ಯ. ಕೊಡವ ಕುಟುಂಬ, ಹುಟ್ಟಿದ್ದು 1945ರಲ್ಲಿ ಬೆಂಗಳೂರಿನಲ್ಲಿ. ಆಗ ಬೆಂಗಳೂರು ಅಂದ್ರೆ ಎರಡು ಊರು: ಮೈಸೂರು ಸಂಸ್ಥಾನದ ಪೇಟೆ ಒಂದು ಕಡೆ, ಬ್ರಿಟಿಷರ ಕಂಟೋನ್ಮೆಂಟ್ ಇನ್ನೊಂದು ಕಡೆ. ಎರಡಕ್ಕೂ ಸೇರಿ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ಕಾಗದದ ಮೇಲೆ ಊರು ಒಂದಾಯ್ತು, ಕಿವಿಗಳು ಮಾತ್ರ ಬೇರೆ ಬೇರೆಯಾಗೇ ಉಳಿದವು. ಬಿದ್ದು ಕೇಳಿ ಬೆಳೆದದ್ದು ರೇಡಿಯೋ ಸಿಲೋನ್‌ನ ಇಂಗ್ಲಿಷ್ ಹಾಡುಗಳನ್ನ. ಹರೆಯದಲ್ಲಿ ಗಿಟಾರ್ ಕಲಿತು ಗೆಳೆಯರ ಜೊತೆ ‘ಟ್ರೋಜನ್ಸ್’ ಅನ್ನೋ ಬ್ಯಾಂಡ್ ಕಟ್ಟಿದರು. ಬೆಂಗಳೂರಿನಲ್ಲಿ ನುಡಿಸಿದರು, ಕಲ್ಕತ್ತಾದ ಟ್ರಿಂಕಾಸ್‌ನಲ್ಲಿ ನುಡಿಸಿದರು, ಬೊಂಬಾಯಿಗೆ ಹೋದರು. ಬ್ಯಾಂಡ್ ಒಡೆದ ಮೇಲೆ ‘ಲೋನ್ ಟ್ರೋಜನ್’ ಅಂತ ಹೆಸರಿಟ್ಟುಕೊಂಡು ಒಬ್ಬರೇ ಹಾಡಿದರು.

1967ರಲ್ಲಿ ಇಂಗ್ಲೆಂಡಿಗೆ ಹೊರಟರು. ನಮ್ಮ ಹಾಗೆ ಆಫರ್ ಲೆಟರ್, ರಿಲೊಕೇಶನ್ ಅಲೋವೆನ್ಸ್ ಇಟ್ಕೊಂಡಲ್ಲ. ಪಶ್ಚಿಮ ಏಷ್ಯಾದ ದೇಶಗಳನ್ನ ಸಿಕ್ಕ ಸಿಕ್ಕ ಗಾಡಿ ಹತ್ತಿ, ದಾರಿಯುದ್ದಕ್ಕೂ ಹಾಡಿ ಖರ್ಚು ಹೊಂದಿಸಿಕೊಂಡು ದಾಟಿದರು. ಲಂಡನ್ ತಲುಪಿದ ಮೇಲೆ ಅಡುಗೆಮನೆ ಕೆಲಸವನ್ನೂ ಮಾಡಿ, ದುಡ್ಡು ಕೂಡಿಸಿ, ಸ್ಟುಡಿಯೋ ಬಾಡಿಗೆಗೆ ಹಿಡಿದು ರೆಕಾರ್ಡ್ ಮಾಡೋಕೆ ಶುರು ಮಾಡಿದರು.

ಈಗ 1974ಕ್ಕೆ ಬನ್ನಿ. ಬಿದ್ದು ನಿರ್ಮಾಪಕರು, ಹಾಡೋರು ಜಮೈಕಾದಲ್ಲಿ ಹುಟ್ಟಿದ ಕಾರ್ಲ್ ಡಗ್ಲಸ್. ಆ ಕಾಲದ ಸಿಂಗಲ್ ರೆಕಾರ್ಡಿಗೆ ಎರಡು ಮುಖ. ಎ-ಸೈಡ್‌ನಲ್ಲಿ ಮಾರಾಟ ಆಗಬೇಕಾದ ಹಾಡು, ಹಿಂದಿನ ಬಿ-ಸೈಡ್‌ನಲ್ಲಿ ಜಾಗ ತುಂಬೋಕೆ ಏನೋ ಒಂದು. ಅವತ್ತಿನ ಎ-ಸೈಡ್ ‘ಐ ವಾಂಟ್ ಟು ಗಿವ್ ಯು ಮೈ ಎವ್ರಿಥಿಂಗ್’. ಸ್ಟುಡಿಯೋ ಸಿಕ್ಕಿದ್ದು 3 ಗಂಟೆಗೆ. ಬಿದ್ದು ಹೇಳಿಕೊಂಡ ಪ್ರಕಾರ, 2 ಗಂಟೆಗೂ ಹೆಚ್ಚು ಅದಕ್ಕೇ ಹೋಯ್ತು. ಬಿ-ಸೈಡ್‌ಗೆ ಏನಾದ್ರೂ ಇದೆಯಾ ಅಂತ ಕೇಳಿದಾಗ ಡಗ್ಲಸ್ ತಾವು ಬರೆದಿದ್ದ ಕೆಲವು ಹಾಡುಗಳನ್ನ ತೋರಿಸಿದರು. ಬಿದ್ದು ಒಂದನ್ನ ಆರಿಸಿ, ಹೆಚ್ಚು ತಲೆ ಕೆಡಿಸಿಕೊಳ್ಳದೆ ರಾಗ ಹಾಕಿದರು. ಕೊನೆಯ 10 ನಿಮಿಷದಲ್ಲಿ, ಎರಡೇ ಟೇಕ್‌ನಲ್ಲಿ ಮುಗಿಸಿದರು. ಬಿ-ಸೈಡ್ ಯಾರು ಕೇಳ್ತಾರೆ ಅಂತ ಹುಮ್ಮಸ್ಸಿನಲ್ಲಿ ‘ಹಾ, ಹೂ’ ಅಂತ ಬೇಕಾದಷ್ಟು ಕೂಗನ್ನೂ ಸೇರಿಸಿದರು. ಅದೇ ‘ಕುಂಗ್ ಫು ಫೈಟಿಂಗ್’.

ಕೇಳಿಸಿಕೊಂಡ ಪೈ ರೆಕಾರ್ಡ್ಸ್‌ನವರು, ಇದನ್ನೇ ಎ-ಸೈಡ್ ಮಾಡಿ ಅಂದರು. ಮೊದಲ ಕೆಲವು ವಾರ ರೇಡಿಯೋದವರು ಮೂಸಿ ನೋಡಲಿಲ್ಲ, ಡ್ಯಾನ್ಸ್ ಕ್ಲಬ್‌ಗಳು ಎತ್ತಿಕೊಂಡವು. ಬ್ರೂಸ್ ಲೀ ತೀರಿಹೋಗಿ ವರ್ಷ ಆಗಿತ್ತಷ್ಟೆ, ಕುಂಗ್ ಫು ಹುಚ್ಚು ಎಲ್ಲೆಲ್ಲೂ ಹಬ್ಬಿತ್ತು. ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ನಂಬರ್ 1, ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ನಂಬರ್ 1. 1975ರ ಜನವರಿಯಲ್ಲಿ ಅಮೆರಿಕದ ಸೋಲ್ ಪಟ್ಟಿಯಲ್ಲೂ ನಂಬರ್ 1. ಈ ಮೂರನೆಯದು ನನಗೆ ದೊಡ್ಡದು. ಸೋಲ್ ಅಂದ್ರೆ ಕಪ್ಪು ಅಮೆರಿಕನ್ನರು ಚರ್ಚಿನ ಹಾಡಿನಿಂದ ಕಟ್ಟಿಕೊಂಡ ಸಂಗೀತ. ಅದರ ತವರಿನಲ್ಲೇ ಮೊದಲ ಸ್ಥಾನಕ್ಕೆ ಹೋಗಿದ್ದು ಜಮೈಕಾದ ಕಂಠ, ಬೆಂಗಳೂರಿನ ಕಿವಿ. ಹಾಡು ಗೆದ್ದ ಮೇಲೆ ಅದರ ಬೆನ್ನಿಗೇ ಒಂದು ಆಲ್ಬಮ್ ಬಂತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಹ್ಯಾಕಥಾನ್‌ನಲ್ಲಿ ಬರೆದ ಕೋಡ್ ಪ್ರೊಡಕ್ಷನ್‌ಗೆ ಹೋಯ್ತು, ಪ್ರಾಡಕ್ಟನ್ನ ಆಮೇಲೆ ಕಟ್ಟಿದರು!

ಅದೃಷ್ಟ ಅಷ್ಟೇ ಅಂತೀರಾ? ಹಾಗಿದ್ದಿದ್ರೆ ಒಂದೇ ಸಲಕ್ಕೆ ಮುಗೀತಿತ್ತು. ಬಿದ್ದು ಹಿಡಿದ ಗುಟ್ಟು ಹೀಗಿದೆ: ಸೋಲ್‌ನ ಪಿಟೀಲುಗಳನ್ನೂ ಬೇಸ್ ಗಿಟಾರನ್ನೂ ಇಟ್ಟುಕೊಂಡು, ಕೆಳಗೆ ಪ್ರತಿ ಮಾತ್ರೆಗೂ ಡ್ರಮ್ ಏಟು ಕೂರಿಸೋದು. ಲೋಕ ಅದನ್ನ ಆಮೇಲೆ ಡಿಸ್ಕೊ ಅಂತು. 1976ರಲ್ಲಿ ಟೀನಾ ಚಾರ್ಲ್ಸ್ ಅವರ ‘ಐ ಲವ್ ಟು ಲವ್’ ಬ್ರಿಟನ್ನಿನಲ್ಲಿ ನಂಬರ್ 1. ಅದೇ ವರ್ಷ ‘ಜಿಮ್ಮಿ ಜೇಮ್ಸ್ ಅಂಡ್ ದ ವ್ಯಾಗಬಾಂಡ್ಸ್’. ಜಮೈಕಾದಲ್ಲಿ ಹುಟ್ಟಿ, 60ರ ದಶಕದಲ್ಲಿ ಇಂಗ್ಲೆಂಡಿಗೆ ವಲಸೆ ಬಂದ ಸೋಲ್ ಬ್ಯಾಂಡ್ ಅದು. ವರ್ಷಗಟ್ಟಲೆ ಕ್ಲಬ್ಬುಗಳಲ್ಲಿ ದುಡಿದ ಆ ಹೆಸರನ್ನ ಬ್ರಿಟನ್ನಿನ ಮೊದಲ ಐದರೊಳಗೆ ತಂದಿದ್ದು ಬಿದ್ದು ನಿರ್ಮಿಸಿದ ‘ನೌ ಈಸ್ ದ ಟೈಮ್’.

ಆಮೇಲೆ ಆ ಸದ್ದು ಮನೆ ಕಡೆ ತಿರುಗಿತು. ಕರೆಸಿದ್ದು ಫಿರೋಜ್ ಖಾನ್. ಅವರೂ ಹುಟ್ಟಿದ್ದು ಬೆಂಗಳೂರಿನಲ್ಲೇ ನೋಡಿ! 1980ರ ‘ಕುರ್ಬಾನಿ’ಗೆ ಬಿದ್ದು ಮಾಡಿದ್ದು ಒಂದೇ ಹಾಡು, ‘ಆಪ್ ಜೈಸಾ ಕೋಯಿ’. ಲಂಡನ್ನಿನಲ್ಲಿ ಹಾಡಿದ್ದು ಕರಾಚಿ ಮೂಲದ 15 ವರ್ಷದ ಹುಡುಗಿ ನಾಜಿಯಾ ಹಸನ್. ಮರುವರ್ಷ ಆಕೆ ಮತ್ತು ತಮ್ಮ ಜೊಹೆಬ್ ಸೇರಿ ಹಾಡಿದ ‘ಡಿಸ್ಕೊ ದೀವಾನೆ’ ಆಲ್ಬಮ್ ಬಂತು. ನಾಯಕ ಇಲ್ಲ, ನಾಯಕಿ ಇಲ್ಲ, ಕಥೆ ಇಲ್ಲ. ಸಿನಿಮಾದ ಹಂಗಿಲ್ಲದೆ ಪಾಪ್ ಆಲ್ಬಮ್ ಮನೆಮನೆಗೆ ಹೋಗಬಹುದು ಅಂತ ಭಾರತಕ್ಕೂ ಪಾಕಿಸ್ತಾನಕ್ಕೂ ತೋರಿಸಿಕೊಟ್ಟಿದ್ದು ಅದು. ಪಬ್‌ನಲ್ಲಿ ನಾನು ಮೊದಲು ಕೇಳಿದ್ದು ಇದರದ್ದೇ 2012ರ ಹೊಸ ರೂಪ. ಅದೇ 1981ರಲ್ಲಿ ಕನ್ನಡದಲ್ಲಿ ಶಂಕರ್‌ನಾಗ್ ಅವರ ‘ಗೀತಾ’ ಬಂತು. ಇಳಯರಾಜಾ ಅವರ ‘ಸಂತೋಷಕ್ಕೆ’ ಇಲ್ಲದೆ ಇಲ್ಲಿ ನಮ್ಮ ಒಂದು ರಾಜ್ಯೋತ್ಸವವಾದ್ರೂ ಮುಗಿದಿದೆಯಾ? ಆ ಹಾಡಿಗೂ ಬಿದ್ದುಗೂ ನೇರ ನಂಟಿದೆ ಅಂತ ನಾನು ಹೇಳ್ತಿಲ್ಲ. ಗಾಳಿ ಎಲ್ಲ ಕಡೆ ಒಂದೇ ಥರ ಬೀಸ್ತಿತ್ತು ಅಂತಿದ್ದೀನಿ.

ಇಷ್ಟಾದ್ರೂ ಕನ್ನಡದ ಹೆಮ್ಮೆಗಳ ಪಟ್ಟಿ ಹಾಕುವಾಗ ಬಿದ್ದು ಹೆಸರು ನಮಗೆ ನೆನಪಾಗಲ್ಲ. ಕಾರಣ ಎರಡು. ಒಂದು, ನಿರ್ಮಾಪಕನ ಹೆಸರು ರೆಕಾರ್ಡಿನ ಮೇಲೆ ಸಣ್ಣಕ್ಷರದಲ್ಲಿರುತ್ತೆ. ‘ಕುಂಗ್ ಫು ಫೈಟಿಂಗ್’ ಬರೆದವರ ಜಾಗದಲ್ಲಿ ಇರೋದು ಡಗ್ಲಸ್ ಹೆಸರು. ಇನ್ನೊಂದು, ಬಿದ್ದು ಹೆಸರು ಮಾಡಿದ್ದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ಮನೆಮಾತು ಕೊಡವ. ಹಾಗಾಗಿ ಪೇಟೆಯವರಿಗೆ ಇವರು ಕಂಟೋನ್ಮೆಂಟಿನವರು, ಲಂಡನ್ನಿನವರಿಗೆ ಇಂಡಿಯಾದವರು.

ನಾನು ತಡವರಿಸಿದ್ದು ಇಲ್ಲೇ. ಕೆಲಸದ ಭಾಷೆಯಿಂದ ಅಳೆದ್ರೆ ನಾನು ಯಾರು? ದಿನವಿಡೀ ಇಂಗ್ಲಿಷಿನಲ್ಲಿ ಕೋಡ್ ರಿವ್ಯೂ, ಸಂಜೆ ಕೆಳಗಿನ ಅಂಗಡಿಯಲ್ಲಿ ಮುರುಕು ತೆಲುಗು, ರಾತ್ರಿ ಅಮ್ಮನ ಫೋನ್ ಬಂದಾಗ ಅರ್ಧ ಗಂಟೆ ಕನ್ನಡ. ನನ್ನ ಮಗಳು ಹುಟ್ಟಿದ್ದು ಇಲ್ಲೇ. ಅಪಾರ್ಟ್‌ಮೆಂಟಿನ ಮಕ್ಕಳ ಜೊತೆ ಜಗಳ ಆಡೋದು ತೆಲುಗಿನಲ್ಲಿ. ನಾಳೆ ಅವಳು ಏನಾದ್ರೂ ಸಾಧಿಸಿದ್ರೆ, ಅವಳು ಕನ್ನಡದಲ್ಲಿ ಮಾಡಿಲ್ವಲ್ಲ ಅಂತ ಊರಿನ ಯಾರೋ ಪಟ್ಟಿಯಿಂದ ಕೈಬಿಡ್ತಾರಾ? ಬಿದ್ದು ಅವರನ್ನ ಹೊರಗಿಡೋ ಅಳತೆಗೋಲು ನಮ್ಮನ್ನೂ ಹೊರಗಿಡುತ್ತೆ.

ಸೋಮವಾರ ಕ್ಯಾಂಟೀನಿನಲ್ಲಿ ಅದೇ ಗೆಳೆಯ ಸಿಕ್ಕಿದ. “ಕೊಡವರು, ಬೆಂಗಳೂರಿನಲ್ಲಿ ಹುಟ್ಟಿದವರು, ಕನ್ನಡ ನಾಡಿನವರು. ಹಾಡಿಸಿದ್ದು ಬೇರೆ ಭಾಷೆಯಲ್ಲಿ” ಅಂದೆ. ಅವನು ನಕ್ಕು, “ಅಂದ್ರೆ ನಿನ್ನ ಥರಾನೇ” ಅಂದ.

ಹೌದು ಮಾರಾಯ ಅಂದೆ. ಮುಂದಿನ ಮಾತಿನಲ್ಲಿ ಸಿಗೋಣ.