ಫ್ಲಟರ್: ಹಳೇ ಲ್ಯಾಪ್‌ಟಾಪ್‌ನಲ್ಲೂ ಆ್ಯಪ್ ಕಲಿಯಬಹುದು

ಆಂಡ್ರಾಯ್ಡ್‌ಗೊಂದು, ಐಫೋನ್‌ಗೊಂದು ಅಂತ ಎರಡೆರಡು ಸಲ ಕೋಡ್ ಬರೆಯೋ ಕೆಲಸವನ್ನು ತಪ್ಪಿಸೋದೇ ಗೂಗಲ್‌ನ ಫ್ಲಟರ್. ಇದರ 1.0 ಆವೃತ್ತಿ ಬಂದಿದ್ದು 2018ರ ಡಿಸೆಂಬರ್‌ನಲ್ಲಿ. ಪೂರ್ತಿ ಉಚಿತ, ಓಪನ್ ಸೋರ್ಸ್. ಬರೆಯೋದು ಡಾರ್ಟ್ ಭಾಷೆಯಲ್ಲಿ; ಕಾಲೇಜಲ್ಲಿ ಜಾವಾ ಕಲಿತವರಿಗೆ ತೀರಾ ಹೊಸದು ಅನಿಸಲ್ಲ. ಬಟನ್, ಅಕ್ಷರ, ಚಿತ್ರ ಎಲ್ಲವೂ ಇಲ್ಲಿ ‘ವಿಜೆಟ್’. ಒಂದರೊಳಗೊಂದು ಜೋಡಿಸುತ್ತಾ ಹೋದರೆ ಸ್ಕ್ರೀನ್ ರೆಡಿ. ಕೋಡ್ ತಿದ್ದಿದರೆ ‘ಹಾಟ್ ರೀಲೋಡ್’ನಿಂದ ಬದಲಾವಣೆ ಕೂಡಲೇ ಕಾಣುತ್ತೆ, ಆ್ಯಪ್ ಮತ್ತೆ ಮೊದಲಿಂದ ಶುರುವಾಗಬೇಕಿಲ್ಲ.

ಹಳೇ ಲ್ಯಾಪ್‌ಟಾಪ್‌ಗೆ ಆಂಡ್ರಾಯ್ಡ್ ಎಮ್ಯುಲೇಟರ್ ಹಾಕಿದ್ರೆ ಅದು ಏದುಸಿರು ಬಿಡುತ್ತೆ. ಅದರ ಗೊಡವೆ ಬೇಡ, ಯುಎಸ್‌ಬಿ ಕೇಬಲ್‌ನಿಂದ ನಿಮ್ಮ ಫೋನನ್ನೇ ಜೋಡಿಸಿ. ಲ್ಯಾಪ್‌ಟಾಪೇ ಇಲ್ವಾ? ಡಾರ್ಟ್‌ಪ್ಯಾಡ್ ಬ್ರೌಸರ್‌ನಲ್ಲೇ ನಡೆಯುತ್ತೆ, ಕಲಿಯೋಕೆ ಸೈಬರ್ ಸೆಂಟರ್ ಸಾಕು. ಐಫೋನ್ ಆ್ಯಪ್ ತಯಾರಿಸೋಕೆ ಮಾತ್ರ ಮ್ಯಾಕ್ ಕಂಪ್ಯೂಟರ್ ಬೇಕು. ಅದನ್ನು ಆಮೇಲೆ ನೋಡ್ಕೊಳ್ಳಿ.