ಕುದುರೆಯ ನೆಗೆತ ಮತ್ತು ರಣಭೂಮಿಯ ನೆಲ: ‘ಮೌಂಟ್ ಆ್ಯಂಡ್ ಬ್ಲೇಡ್’ ಮಾರ್ಪಾಡುಗಳ ಒಂದು ಅಧ್ಯಯನ

ಟರ್ಕಿಯ ಅಂಕಾರಾ ನಗರದ ಟೇಲ್‌ವರ್ಲ್ಡ್ಸ್ ಸಂಸ್ಥೆ ರೂಪಿಸಿದ ‘ಮೌಂಟ್ ಆ್ಯಂಡ್ ಬ್ಲೇಡ್’ ಸರಣಿಯಲ್ಲಿ ಕುದುರೆಗೆ ಸಿಕ್ಕಿರುವ ಸ್ಥಾನ ದೊಡ್ಡದು. ಸವಾರನ ಏಟಿನ ಬಲವನ್ನು ಲೆಕ್ಕ ಹಾಕುವಾಗ ಈ ಆಟಗಳು ಕುದುರೆಯ ವೇಗವನ್ನೂ ಕೂಡಿಸುತ್ತವೆ. ಕಂಕುಳಲ್ಲಿ ಬಿಗಿಹಿಡಿದ ಭರ್ಜಿ ಎದುರಾಳಿಯನ್ನು ಒಂದೇ ಇರಿತಕ್ಕೆ ಕೆಡಹುವುದು ಆ ವೇಗದ ಬಲದಿಂದಲೇ. ಮೊದಲ ಆಟ ಬಂದದ್ದು 2008ರಲ್ಲಿ, ‘ವಾರ್‌ಬ್ಯಾಂಡ್’ 2010ರಲ್ಲಿ. ‘ಬ್ಯಾನರ್‌ಲಾರ್ಡ್’ 2020ರಲ್ಲಿ ಆರಂಭಿಕ ರೂಪದಲ್ಲಿ ಹೊರಬಂದು 2022ರಲ್ಲಿ ಪೂರ್ಣಗೊಂಡಿತು. ಮೂರೂ ಆಟಗಳನ್ನು ಅವುಗಳ ಆಟಗಾರರೇ ತಿದ್ದಿ ಬೆಳೆಸಿದ್ದಾರೆ. ಹೀಗೆ ತಿದ್ದಿದ ರೂಪವನ್ನು ‘ಮಾಡ್’ ಎಂದೂ ತಿದ್ದುವವರನ್ನು ‘ಮಾಡರ್’ ಎಂದೂ ಕರೆಯುವುದು ರೂಢಿ. ಮಾಡರ್‌ಗಳು ಕೈಹಾಕುವ ನೂರಾರು ಸಂಗತಿಗಳಲ್ಲಿ ಕುದುರೆಯ ನೆಗೆತವೊಂದನ್ನೇ ಈ ಲೇಖನ ಪರಿಶೀಲನೆಗೆ ಎತ್ತಿಕೊಳ್ಳುತ್ತದೆ.

ವಿಷಯ ಚಿಕ್ಕದೆಂದು ತೋರಬಹುದು. ಆದರೆ ಕುದುರೆ ಏನನ್ನು ದಾಟಬಲ್ಲದು, ದಾಟಿದ ಮೇಲೆ ಅದರಲ್ಲಿ ಎಷ್ಟು ಓಟ ಉಳಿದಿರುತ್ತದೆ ಎಂಬ ಎರಡು ಪ್ರಶ್ನೆಗಳು ಬೇಲಿ, ಕಂದಕ, ತೊರೆ, ನೆಟ್ಟ ಗೂಟಗಳೆಲ್ಲದರ ಬೆಲೆಯನ್ನು ನಿರ್ಧರಿಸುತ್ತವೆ. ಕುದುರೆಗೆ ಎಲ್ಲವನ್ನೂ ಸಲೀಸಾಗಿ ಹಾರುವ ಶಕ್ತಿ ಕೊಟ್ಟರೆ ಕಾಲಾಳುಗಳು ಆರಿಸಿ ನಿಂತ ನೆಲಕ್ಕೆ ಅರ್ಥವಿಲ್ಲ. ಏನನ್ನೂ ಹಾರಲಾಗದಂತೆ ಮಾಡಿದರೆ ಸವಾರನಿಗೆ ನೆಲವನ್ನು ಓದಿ ದಾರಿ ಆರಿಸುವ ಕೆಲಸವೇ ಉಳಿಯುವುದಿಲ್ಲ. ನೆಗೆತವನ್ನು ತಿದ್ದುವವರು ಮೊದಲು ಗಮನಿಸಬೇಕಾದದ್ದು ನೆಗೆತದ ಎತ್ತರವನ್ನಲ್ಲ, ಅದಕ್ಕೆ ಮುಂಚಿನ ಓಟವನ್ನು ಮತ್ತು ಅದರ ನಂತರದ ಇಳಿತವನ್ನು ಎಂಬುದು ನನ್ನ ವಾದ.

ಎತ್ತರವನ್ನು ಮಾತ್ರ ಬದಲಿಸಿದರೆ ಏನಾಗುತ್ತದೆಂದು ಶಾಲೆಯ ಭೌತಶಾಸ್ತ್ರವೇ ಹೇಳುತ್ತದೆ. ಸೆಕೆಂಡಿಗೆ 8 ಮೀಟರ್, ಅಂದರೆ ಗಂಟೆಗೆ ಸುಮಾರು 29 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವ ಕುದುರೆ ನೆಲ ಬಿಡುವಾಗ ಸೆಕೆಂಡಿಗೆ 4 ಮೀಟರಿನ ಮೇಲ್ಮುಖ ವೇಗ ಪಡೆಯಿತೆನ್ನೋಣ. ಅದರ ಮೈ 0.82 ಮೀಟರ್ ಏರುತ್ತದೆ, 0.82 ಸೆಕೆಂಡ್ ಗಾಳಿಯಲ್ಲಿರುತ್ತದೆ, ಅಷ್ಟರಲ್ಲಿ ಆರೂವರೆ ಮೀಟರ್ ಮುಂದೆ ಸಾಗುತ್ತದೆ. ಒಳ್ಳೆಯ ಕುದುರೆಗೆ ಇದು ನಂಬಬಹುದಾದ ನೆಗೆತ. ಈಗ ಮೇಲ್ಮುಖ ವೇಗವನ್ನು ಎರಡು ಪಟ್ಟು ಮಾಡಿದರೆ ಏರಿಕೆ ನಾಲ್ಕು ಪಟ್ಟಾಗಿ 3.27 ಮೀಟರ್ ಮುಟ್ಟುತ್ತದೆ. ಗಾಳಿಯಲ್ಲಿರುವ ಹೊತ್ತು 1.63 ಸೆಕೆಂಡಿಗೂ, ದಾಟಿದ ದೂರ 13 ಮೀಟರಿಗೂ ಹೋಗುತ್ತದೆ. ಕುದುರೆಯ ಉದ್ದ ನೆಗೆತದ ವಿಶ್ವದಾಖಲೆ 8.40 ಮೀಟರ್; 1975ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ‘ಸಮ್‌ಥಿಂಗ್’ ಎಂಬ ಕುದುರೆ ಅದನ್ನು ಸ್ಥಾಪಿಸಿತು. ಎತ್ತರದ ದಾಖಲೆ 2.47 ಮೀಟರಿನ ತಡೆ; ಚಿಲಿ ದೇಶದ ವಿನ್ಯಾ ದೆಲ್ ಮಾರ್‌ನಲ್ಲಿ 1949ರ ಫೆಬ್ರವರಿ 5ರಂದು ಆಲ್ಬರ್ಟೊ ಲಾರಾಗಿಬೆಲ್ ‘ಹುವಾಸೊ’ ಕುದುರೆಯ ಮೇಲೆ ಕೂತು ಅದನ್ನು ದಾಟಿದರು. ಕುದುರೆಯ ದ್ರವ್ಯರಾಶಿಯ ಕೇಂದ್ರ ನಿಂತಲ್ಲೇ ನೆಲದಿಂದ ಒಂದು ಮೀಟರಿಗಿಂತ ಮೇಲಿರುತ್ತದೆ, ಹಾರುವಾಗ ಕಾಲುಗಳು ಮಡಿಚಿರುತ್ತವೆ. ಹಾಗಾಗಿ ಆ ದಾಖಲೆಗೂ 3.27 ಮೀಟರಿನಷ್ಟು ಏರಿಕೆ ಬೇಕಾಗಿರಲಿಲ್ಲ. ಒಂದೇ ಅಂಕಿಯನ್ನು ಇಮ್ಮಡಿ ಮಾಡಿದ ಮಾಡರ್ ತಿಳಿದೋ ತಿಳಿಯದೆಯೋ ಎರಡೂ ದಾಖಲೆಗಳನ್ನು ಬಹುದೂರ ಮೀರಿಬಿಟ್ಟಿರುತ್ತಾನೆ. ಅದೂ ಕವಚ ತೊಟ್ಟ ಸವಾರನನ್ನು ಹೊತ್ತ ಕುದುರೆಯ ಮೇಲೆ.

ಇನ್ನು ಈ ಅಂಕಿಗಳು ಆಟದ ಒಳಗೆ ಎಲ್ಲಿವೆ ಎಂಬ ಪ್ರಶ್ನೆ. ‘ವಾರ್‌ಬ್ಯಾಂಡ್’ಗೆ ಟೇಲ್‌ವರ್ಲ್ಡ್ಸ್ ಕೊಟ್ಟಿರುವ ಮಾಡ್ಯೂಲ್ ಸಿಸ್ಟಮ್ ಪೈಥಾನ್ ಭಾಷೆಯ ಕಡತಗಳ ಕಟ್ಟು. ವಸ್ತುಗಳ ಕಡತದಲ್ಲಿ ಪ್ರತಿ ಬಗೆಯ ಕುದುರೆಗೂ ಪ್ರಾಣಬಲ, ಮೈರಕ್ಷೆ, ವೇಗ, ತಿರುಗುವ ಚುರುಕು, ಡಿಕ್ಕಿಯ ಬಲ, ಸವಾರನಿಗೆ ಬೇಕಾದ ಪಳಗುವಿಕೆ, ಮೈಯ ಅಳತೆ ಇವುಗಳಿಗೆ ಒಂದೊಂದು ಅಂಕಿ ಉಂಟು. ನೆಗೆತಕ್ಕೆ ಪ್ರತ್ಯೇಕ ಅಂಕಿ ಇಲ್ಲ. ಅದು ಎಂಜಿನ್ನಿನ ಒಳಗೆ, ಮಾಡರ್‌ನ ಕೈಗೆಟುಕದ ಕಡೆ ಉಳಿದಿದೆ. ಮಾಡರ್‌ಗೆ ನೇರವಾಗಿ ಸಿಗುವುದು ಆ್ಯನಿಮೇಶನ್ ಕಡತ. ಅದರಲ್ಲಿ ‘ಹಾರ್ಸ್ ಜಂಪ್’, ‘ಹಾರ್ಸ್ ಜಂಪ್ ಎಂಡ್’ ಎಂದು ನೆಗೆತಕ್ಕೂ ಇಳಿತಕ್ಕೂ ಬೇರೆ ಬೇರೆ ನಮೂದುಗಳಿದ್ದು, ಪ್ರತಿಯೊಂದಕ್ಕೂ ಎಷ್ಟು ಸೆಕೆಂಡ್, ಯಾವ ಚಲನೆಯ ಎಷ್ಟನೇ ಫ್ರೇಮಿನಿಂದ ಎಷ್ಟನೇ ಫ್ರೇಮಿನವರೆಗೆ ಎಂದು ಬರೆದಿರುತ್ತದೆ. ಹೀಗೆ ಎರಡಾಗಿ ಒಡೆದದ್ದು ಸರಿಯಾದ ವಿನ್ಯಾಸ. ಸಮನೆಲದಲ್ಲಿ ನೆಗೆದ ಕುದುರೆಗಿಂತ ದಿಣ್ಣೆಯ ಅಂಚಿನಿಂದ ನೆಗೆದ ಕುದುರೆ ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೆ, ಆ ಹೊತ್ತು ಎಷ್ಟೆಂದು ಮೊದಲೇ ತಿಳಿಯದು. ನೆಲ ಸೋಕಿದಾಗಲೇ ಇಳಿತದ ಚಲನೆ ಶುರುವಾಗಬೇಕು.

ತೊಂದರೆ ಹುಟ್ಟುವುದೂ ಇಲ್ಲೇ. ಕಣ್ಣಿಗೆ ಕಾಣುವ ಚಲನೆ ಒಂದು ಕಡತದಲ್ಲಿ, ಮೈಯ ನಿಜವಾದ ಪಥ ಎಂಜಿನ್ನಿನಲ್ಲಿ. ಎರಡರ ಹೊತ್ತು ಹೊಂದದಿದ್ದರೆ ಕುದುರೆ ಗಾಳಿಯಲ್ಲೇ ಕಾಲು ಚಾಚಿ ಇಳಿಯುವ ಭಂಗಿಗೆ ಬಂದುಬಿಡುತ್ತದೆ, ಇಲ್ಲವೇ ನೆಲ ಮುಟ್ಟಿದ ಮೇಲೂ ಕಾಲು ಮಡಿಚಿಕೊಂಡೇ ಜಾರುತ್ತದೆ. ಆ್ಯನಿಮೇಶನ್ನಿನ ಅವಧಿಯನ್ನು ಹಿಗ್ಗಿಸಿ ಕುಗ್ಗಿಸಿ ಈ ದೋಷವನ್ನು ಮರೆಮಾಡುವ ಮಾಡ್‌ಗಳು ಹಲವು. ಅದು ಸಾಲದು ಎನ್ನಲು ಕುದುರೆಯ ಅಂಗರಚನೆಯೇ ಆಧಾರ. ನೆಗೆಯುವ ಕುದುರೆ ಕೊನೆಯ ಹೆಜ್ಜೆಯಲ್ಲಿ ಮುಂಗಾಲುಗಳನ್ನು ನೆಲಕ್ಕೊತ್ತಿ ಎದೆಯನ್ನು ಮೇಲೆತ್ತಿಕೊಳ್ಳುತ್ತದೆ. ಆಮೇಲೆ ಹಿಂಗಾಲುಗಳೆರಡೂ ಹೆಚ್ಚುಕಡಿಮೆ ಒಟ್ಟಿಗೆ ಹೊಟ್ಟೆಯ ಕೆಳಕ್ಕೆ ಬಂದು ಇಡೀ ಮೈಯನ್ನು ತಳ್ಳುತ್ತವೆ. ಇಳಿಯುವಾಗ ಒಂದು ಮುಂಗಾಲು ಮೊದಲು, ಇನ್ನೊಂದು ಅದರ ಬೆನ್ನಿಗೆ. ಸವಾರ, ತಡಿ, ಕವಚ ಎಲ್ಲದರ ಭಾರ ಆ ಕ್ಷಣದಲ್ಲಿ ಒಂದೊಂದೇ ಕಾಲಿನ ಮೇಲೆ ಬೀಳುತ್ತದೆ. ಎಡ್‌ವರ್ಡ್ ಮೈಬ್ರಿಜ್ 1878ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಲೊ ಆಲ್ಟೊದಲ್ಲಿ ಓಡುವ ಕುದುರೆಯ ಸರಣಿಚಿತ್ರ ತೆಗೆದು, ನಾಲ್ಕೂ ಗೊರಸುಗಳು ನೆಲ ಬಿಡುವುದು ಕಾಲು ಚಾಚಿದಾಗಲ್ಲ, ಹೊಟ್ಟೆಯ ಕೆಳಗೆ ಮಡಿಚಿದಾಗ ಎಂದು ತೋರಿಸಿದ. 1887ರಲ್ಲಿ ಅವನು ಪ್ರಕಟಿಸಿದ ದೊಡ್ಡ ಸಂಗ್ರಹದಲ್ಲಿ ತಡೆ ಹಾರುವ ಕುದುರೆಗಳ ಫಲಕಗಳೂ ಇವೆ. ನೆಗೆತದ ಆ್ಯನಿಮೇಶನ್ ಮಾಡುವವರು ಇಂದಿಗೂ ಮೊದಲು ನೋಡಬೇಕಾದದ್ದು ಆ ಫಲಕಗಳನ್ನೇ. ಅವು ಸ್ಪಷ್ಟಪಡಿಸುವಂತೆ ನೆಗೆತ ಓಟದಿಂದ ಕಡಿದು ತೆಗೆಯಬಹುದಾದ ಕ್ರಿಯೆಯಲ್ಲ, ಓಟದ ಒಂದು ಹೆಜ್ಜೆಯೇ ಹಿಗ್ಗಿ ನೆಗೆತವಾಗುತ್ತದೆ. ನಮ್ಮ ಕಡೆಯ ಅಶ್ವವಿದ್ಯೆಯೂ ಹೀಗೇ ಕಂಡಂತಿದೆ. ಅಮರಕೋಶ ಕುದುರೆಯ ಐದು ಧಾರೆಗಳನ್ನು ಹೆಸರಿಸುವಾಗ ಪ್ಲುತವನ್ನೂ, ಅಂದರೆ ನೆಗೆತವನ್ನೂ, ನಡೆಗಳ ಸಾಲಿನಲ್ಲೇ ಸೇರಿಸುತ್ತದೆ. ಆಟದ ಎಂಜಿನ್ ಮಾತ್ರ ಒಂದು ಕೀಲಿ ಒತ್ತಿದೊಡನೆ ಓಟದ ಮೇಲೆ ನೆಗೆತವನ್ನು ತಂದು ಹೊದಿಸುತ್ತದೆ.

ಸವಾರನ ಭಂಗಿಯಲ್ಲಿ ಇನ್ನೊಂದು ಕಾಲದೋಷ ಸುಲಭವಾಗಿ ನುಸುಳುತ್ತದೆ. ಇಂದಿನ ಸ್ಪರ್ಧೆಗಳಲ್ಲಿ ನೆಗೆಯುವ ಸವಾರ ಗಿಡ್ಡ ರಿಕಾಪಿನ ಮೇಲೆ ಎದ್ದು ಮುಂದಕ್ಕೆ ಬಾಗುತ್ತಾನೆ. ಮಾಡರ್‌ಗಳು ನೋಡಿ ನಕಲು ಮಾಡುವ ವಿಡಿಯೊಗಳಲ್ಲಿ ಇರುವುದೂ ಅದೇ ಭಂಗಿ. ಆದರೆ ಅದನ್ನು ರೂಪಿಸಿದವನು ಇಟಲಿಯ ಅಶ್ವದಳದ ಅಧಿಕಾರಿ ಫೆಡೆರಿಕೊ ಕಾಪ್ರಿಲ್ಲಿ (1868–1907). ಅದಕ್ಕೆ ಮುಂಚೆ ಯೂರೋಪಿನ ಸವಾರರು ನೆಗೆತದಲ್ಲಿ ಹಿಂದಕ್ಕೇ ಒರಗುತ್ತಿದ್ದರು. ಮಧ್ಯಯುಗದ ಯೋಧ ಮುಂದೆಯೂ ಹಿಂದೆಯೂ ಎತ್ತರಿಸಿದ ಏಣುಗಳಿದ್ದ ತಡಿಯ ನಡುವೆ, ಉದ್ದ ರಿಕಾಪಿನಲ್ಲಿ ಕಾಲು ನೀಳವಾಗಿಟ್ಟು ಕೂರುತ್ತಿದ್ದ. ಭರ್ಜಿಯ ಹೊಡೆತವನ್ನು ತಾಳಿಕೊಳ್ಳಲು ಕಟ್ಟಿದ ಆಸನ ಅದು, ಮುಂದೆ ಬಾಗಲು ಅದರಲ್ಲಿ ಜಾಗವೇ ಇರಲಿಲ್ಲ. ಪೋರ್ಚುಗಲ್ಲಿನ ದೊರೆ ದುವಾರ್ತೆ (ಆಳ್ವಿಕೆ 1433–1438) ಸವಾರಿಯ ಬಗ್ಗೆ ಬರೆದ ಗ್ರಂಥ ಬೇರೆ ಬೇರೆ ತಡಿಗಳ ಆಸನಗಳನ್ನು ವಿವರಿಸುತ್ತದೆ, ಬೀಳದೆ ಗಟ್ಟಿಯಾಗಿ ಕೂರುವುದನ್ನು ಸವಾರನ ಮೊದಲ ಗುಣವಾಗಿ ಎಣಿಸುತ್ತದೆ. ‘ವಾರ್‌ಬ್ಯಾಂಡ್’ ತನ್ನ ಕಲ್ಪಿತ ಕಾಲರಾಡಿಯಾ ನಾಡಿನ ಕಥೆಯನ್ನು 1257ನೇ ವರ್ಷದಲ್ಲಿ ಇಟ್ಟಿದೆ. ಆ ಕಾಲದ ಹೆಸರು ಹೇಳಿಕೊಳ್ಳುವ ಮಾಡ್‌ನಲ್ಲಿ ಸವಾರ ಕಾಪ್ರಿಲ್ಲಿಯ ಶಿಷ್ಯನಂತೆ ಬಾಗಿದರೆ ಅದನ್ನು ತಿದ್ದಲೇಬೇಕು. ಕುದುರೆಯ ಮೈಗಾತ್ರದ ವಿಷಯವೂ ಅಷ್ಟೇ. ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲೆಂಡಿನ 171 ಉತ್ಖನನ ನೆಲೆಗಳ ಕುದುರೆ ಮೂಳೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮಧ್ಯಯುಗದ ಕುದುರೆಗಳು ಬಹುಪಾಲು 14.2 ಹ್ಯಾಂಡ್, ಅಂದರೆ ಸುಮಾರು 1.47 ಮೀಟರಿಗಿಂತ ಗಿಡ್ಡವಾಗಿದ್ದವು. ಇಂದಿನ ಲೆಕ್ಕದಲ್ಲಿ ಅವು ಪೋನಿಗಳು.

‘ಬ್ಯಾನರ್‌ಲಾರ್ಡ್’ನಲ್ಲಿ ಪರಿಸ್ಥಿತಿ ಬೇರೆ. ಅದರ ಎಕ್ಸ್‌ಎಂಎಲ್ ಕಡತಗಳಲ್ಲಿ ಮನುಷ್ಯ, ಕುದುರೆ, ಒಂಟೆ ಮುಂತಾದ ಜೀವಿಗಳಿಗೆ ‘ಮಾನ್‌ಸ್ಟರ್’ ಎಂಬ ಶೀರ್ಷಿಕೆಯಡಿ ವ್ಯಾಖ್ಯೆಗಳಿದ್ದು, ಅವುಗಳಲ್ಲಿ ‘ಜಂಪ್ ಆ್ಯಕ್ಸಿಲರೇಶನ್’, ‘ಜಂಪ್ ಸ್ಪೀಡ್ ಲಿಮಿಟ್’ ಎಂಬ ಅಂಕಿಗಳು ಬಯಲಿಗೇ ಬಂದಿವೆ. ಇದು ದೊಡ್ಡ ಅನುಕೂಲ, ಮಾಡರ್‌ಗಳು ಇದನ್ನು ಸ್ವಾಗತಿಸಿದ್ದು ಸಹಜ. ಆದರೆ ಒಂದು ಕೊರತೆಯೂ ಅದರೊಳಗೇ ಇದೆ. ವೇಗ, ಚುರುಕು, ಡಿಕ್ಕಿಯ ಬಲ ಪ್ರತಿ ಕುದುರೆಗೂ ಬೇರೆ ಬೇರೆ, ನೆಗೆತ ಮಾತ್ರ ಇಡೀ ಜಾತಿಗೆ ಒಂದೇ. ಮೂಟೆ ಹೊರುವ ಕುದುರೆಯೂ ಬೇಟೆಗೆ ಪಳಗಿದ ಕುದುರೆಯೂ ಒಂದೇ ನಿಯಮದಿಂದ ಹಾರುತ್ತವೆ. ಯುದ್ಧದ ಕುದುರೆಗೆ ಹೆಚ್ಚು ನೆಗೆತ ಕೊಡಲೆಂದು ಆ ಅಂಕಿಯನ್ನು ಏರಿಸಿದವರು ಹೊರೆಕುದುರೆಯನ್ನೂ ಅಷ್ಟೇ ಮೇಲಕ್ಕೆ ಹಾರಿಸುತ್ತಾರೆ. ಬಗೆಬಗೆಗೆ ಪ್ರತ್ಯೇಕ ವ್ಯಾಖ್ಯೆ ಬರೆದು ಆಯಾ ಕುದುರೆಯನ್ನು ಅದಕ್ಕೆ ಜೋಡಿಸುವುದೇ ಸರಿಯಾದ ದಾರಿ. ಕೆಲಸ ಹೆಚ್ಚು, ಆದರೆ ಬೇರೆ ಅಡ್ಡದಾರಿ ಇಲ್ಲ.

ಇತಿಹಾಸಕ್ಕೆ ಬಂದರೆ, ಈ ಎಲ್ಲ ಅಂಕಿಗಳನ್ನು ಒರೆಗೆ ಹಚ್ಚಲು 1302ರ ಜುಲೈ 11ರ ಕೋರ್ಟ್ರೆ ಕದನಕ್ಕಿಂತ ಒಳ್ಳೆಯ ನೆಲ ಸಿಗದು. ಫ್ಲಾಂಡರ್ಸ್‌ನ ನಗರಗಳ ಕಾಲಾಳುಗಳು ತೊರೆಗಳ ಹಿಂದೆ ಒತ್ತಾಗಿ ನಿಂತಿದ್ದರು. ಆರ್ತ್ವಾದ ರಾಬರ್ಟನ ಮುಂದಾಳತ್ವದಲ್ಲಿ ಫ್ರಾನ್ಸಿನ ನೈಟ್‌ಗಳು ಆ ತೊರೆಗಳನ್ನು ದಾಟಿ ಏರಿಬಂದರು. ಕೆಲವು ಕುದುರೆಗಳು ತೊರೆಯಲ್ಲೇ ಬಿದ್ದವು, ಹಲವು ದಾಟಿದವು. ದಾಟಿದವುಗಳ ಓಟ ಮುರಿದಿತ್ತು, ಮತ್ತೆ ವೇಗ ಕೂಡಿಸಿಕೊಳ್ಳಲು ಎದುರಾಳಿಯ ಸಾಲಿನವರೆಗೆ ನೆಲ ಉಳಿದಿರಲಿಲ್ಲ. ರಾಬರ್ಟ್ ಅಲ್ಲೇ ಸತ್ತ. 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ಸ್ಕಾಟರು ಗುಂಡಿ ತೋಡಿದ್ದು, 1415ರಲ್ಲಿ ಆಜಿನ್‌ಕೋರ್ಟ್‌ನಲ್ಲಿ ಇಂಗ್ಲಿಷ್ ಬಿಲ್ಲುಗಾರರು ಗೂಟ ನೆಟ್ಟದ್ದು ಇದೇ ತಿಳಿವಳಿಕೆಯಿಂದ. ಕೋರ್ಟ್ರೆಯ ನೆಲವನ್ನು ಆಟದಲ್ಲಿ ಮರುಸೃಷ್ಟಿಸಿ ಕುದುರೆಗೆ ನೆಗೆದ ಮೇಲೂ ಪೂರ್ತಿ ವೇಗ ಉಳಿಯುವಂತೆ ಬಿಟ್ಟರೆ ಫ್ಲಾಂಡರ್ಸ್‌ನವರು ಗೆದ್ದದ್ದೇಕೆಂದು ಆಟಗಾರನಿಗೆ ಎಂದಿಗೂ ತಿಳಿಯುವುದಿಲ್ಲ. ನನ್ನ ಮಟ್ಟಿಗೆ ಇದು ಆ ಮಾಡ್‌ನ ಅತಿ ದೊಡ್ಡ ತಪ್ಪು. ಕವಚದ ಬಣ್ಣ, ಧ್ವಜದ ಲಾಂಛನಗಳ ತಪ್ಪುಗಳನ್ನು ಎತ್ತಿ ತೋರಿಸುವವರು ಬಹಳ ಮಂದಿ ಇದ್ದಾರೆ. ನೆಲ ಮತ್ತು ವೇಗದ ತಪ್ಪಿಗೂ ಅಷ್ಟೇ ಗಮನ ಸಿಗಬೇಕು.

‘ವಾರ್‌ಬ್ಯಾಂಡ್’ನಲ್ಲಿ ಈ ತಪ್ಪನ್ನು ಎಂಜಿನ್ ಮುಟ್ಟದೆ ತಿದ್ದುವ ದಾರಿ ಇದೆ. ಕದನದ ದೃಶ್ಯಗಳಿಗೆ ಬರೆಯುವ ಟ್ರಿಗರ್‌ಗಳಲ್ಲಿ ಆಟಗಾರ ನೆಗೆತದ ಕೀಲಿ ಒತ್ತಿದ್ದನ್ನು ಪತ್ತೆಹಚ್ಚಬಹುದು, ಅವನ ಕುದುರೆ ಯಾವುದೆಂದು ಕೇಳಬಹುದು, ಅದರ ಆ ಹೊತ್ತಿನ ವೇಗವನ್ನು ಅಳೆಯಬಹುದು. ವೇಗ ಸಾಲದಿದ್ದರೆ ಆ ಕೀಲಿಯನ್ನು ಕಡೆಗಣಿಸುವಂತೆ ಆದೇಶ ಕೊಡಲೂ ಬರುತ್ತದೆ. ಕುದುರೆ ಇಳಿದ ಮೇಲೆ ಅದರ ವೇಗದ ಗುಣಕವನ್ನು ಶೇಕಡಾವಾರು ತಗ್ಗಿಸುವ ಆದೇಶವೂ ಉಂಟು. ಸೆಕೆಂಡಿಗೆ 4 ಮೀಟರಿಗಿಂತ ಕಡಿಮೆ ಓಟದಲ್ಲಿ ನೆಗೆತ ಬೇಡವೆನ್ನುವುದು, ಇಳಿದ ಮೇಲೆ ಒಂದೆರಡು ಸೆಕೆಂಡ್ ವೇಗವನ್ನು ಶೇಕಡಾ 70ಕ್ಕೆ ಇಳಿಸುವುದು, ಮೈಕವಚ ಭಾರವಾದಷ್ಟೂ ಆ ಹೊತ್ತನ್ನು ಹೆಚ್ಚಿಸುವುದು ನನ್ನ ಸಲಹೆ. ಅಂಕಿಗಳನ್ನು ಆಯಾ ಮಾಡ್‌ನ ಕಾಲಕ್ಕೂ ನೆಲಕ್ಕೂ ತಕ್ಕಂತೆ ಬದಲಿಸಿಕೊಳ್ಳಬಹುದು. ಏಟಿನ ಬಲ ವೇಗವನ್ನೇ ಅವಲಂಬಿಸಿರುವುದರಿಂದ ಇಷ್ಟು ಮಾಡಿದರೆ ಭರ್ಜಿಯ ಬಲ ತಾನಾಗಿಯೇ ತಗ್ಗುತ್ತದೆ. ಬೇರೆ ನಿಯಮ ಬರೆಯಬೇಕಾಗಿಲ್ಲ.

ಬಿಡಿಸಲು ಹೆಚ್ಚು ಕಷ್ಟವಾದ ಗಂಟು ಗಣಕ ನಡೆಸುವ ಸವಾರರದ್ದು. ಅವರು ದೃಶ್ಯಕ್ಕೆ ಹೊಂದಿಸಿದ ಸಂಚಾರಜಾಲವನ್ನು ಅನುಸರಿಸಿ ತಡೆಗಳನ್ನು ಸುತ್ತಿಕೊಂಡು ಹೋಗುತ್ತಾರೆ. ಆಟಗಾರನಂತೆ ಬೇಲಿಯನ್ನು ಅಳೆದು ನೆಗೆಯುವ ನಿರ್ಧಾರ ಅವರದಲ್ಲ. ಹಾಗಾಗಿ ನೆಗೆತವನ್ನು ಹೆಚ್ಚಿಸುವ ಯಾವ ಮಾಡ್ ಆದರೂ ಒಬ್ಬ ಆಟಗಾರನಿಗೆ ಮಾತ್ರ ಲಾಭ ತರುತ್ತದೆ, ಅವನ ಹಿಂದೆ ಬರುವ ಇಡೀ ಅಶ್ವದಳ ಕಂದಕದ ಅಂಚಿನಲ್ಲಿ ದಿಕ್ಕು ಬದಲಿಸುತ್ತದೆ. ಕಂದಕದ ಜಾಗದಲ್ಲಿ ಸಂಚಾರಜಾಲವನ್ನು ಕಡಿಯದೆ ಬಿಟ್ಟು, ಇಳಿಜಾರನ್ನು ಕುದುರೆ ಹತ್ತಿಳಿಯುವಷ್ಟು ಓರೆಮಾಡಿ, ಅಲ್ಲಿಗೆ ಬಂದ ಪ್ರತಿ ಕುದುರೆಯ ವೇಗದ ಗುಣಕವನ್ನೂ ತಗ್ಗಿಸಿದರೆ ಎರಡೂ ಬಗೆಯ ಸವಾರರಿಗೆ ಹತ್ತಿರಹತ್ತಿರ ಒಂದೇ ನಷ್ಟ ತಟ್ಟುತ್ತದೆ. ಅಂಥ ದೃಶ್ಯವನ್ನು ಸವಾರನಾಗಿ ಆಡಿ ನೋಡಿದರೆ ಸಾಲದು. ಈಟಿ ಹಿಡಿದು ತೊರೆಯ ಈಚೆ ಬದಿಯ ಸಾಲಿನಲ್ಲಿ ನಿಂತು, ಬರುವ ಕುದುರೆಗಳು ಯಾವ ವೇಗದಲ್ಲಿ ತಲುಪುತ್ತವೆ ಎಂದೂ ಅಳೆದು ನೋಡಬೇಕು.